14 ಡಿಗ್ರಿಗೇ ಸೆಕೆ ಎನ್ನುವ ಮೂಸ್



ಡಿಸೆಂಬರ್ ತಿಂಗಳ ಒಂದು ಬೆಳಿಗ್ಗೆ ಎಂದುಕೊಳ್ಳಿ. ಪ್ರಾರ್ಥನೆಗೆಂದು ಶಾಲೆಯ ಅಂಗಳದಲ್ಲಿ ಸಾಲಾಗಿ ನಿಂತಿದ್ದೀರಿ. ಗೋಡೆಗೆ ತೂಗುಹಾಕಿದ ಉಷ್ಣತಾಮಾಪಕ 14 ಡಿಗ್ರಿ ಸೆಲ್ಸಿಯಸ್ ತೋರಿಸುತ್ತಿದೆ. ಕೆಲವರು ಸ್ವೆಟರ್ ಹಾಕಿದ್ದೀರಿ. ಸ್ವೆಟರ್ ಮರೆತವರು ಕೈಗಳನ್ನು ಕಂಕುಳಲ್ಲಿ ಅಡಗಿಸಿಕೊಂಡಿದ್ದೀರಿ. ಎಲ್ಲರ ಕಣ್ಣೂ ಬಿಸಿಲು ಬಿದ್ದ ಮೂಲೆಯ ಕಡೆಗೇ.

ಇದೇ 14 ಡಿಗ್ರಿಗೆ ಸೆಕೆಯಾಗಿ ಜೋರಾಗಿ ಉಸಿರಾಡತೊಡಗುವ ಪ್ರಾಣಿಯೊಂದಿದೆ ಎಂದರೆ ನಂಬುತ್ತೀರಾ? ಉಷ್ಣತೆ 20 ಡಿಗ್ರಿ ದಾಟಿತೆಂದರೆ ಅದು ನಾಯಿಯಂತೆ ಬಾಯಿ ತೆರೆದು ಏದುಸಿರು ಬಿಡುತ್ತದೆ. ನಮ್ಮೂರಿನ ಬೇಸಿಗೆಯ ಮಾತು ಹಾಗಿರಲಿ, ನಮ್ಮೂರಿನ ಚಳಿಗಾಲವೇ ಅದಕ್ಕೆ ಬೇಸಿಗೆ!

ಆ ಪ್ರಾಣಿಯ ಹೆಸರು ಮೂಸ್. ಜಿಂಕೆಯ ಕುಟುಂಬದಲ್ಲಿ ಅತಿ ದೊಡ್ಡದು. ನಮ್ಮ ಬಂಡೀಪುರ, ನಾಗರಹೊಳೆ ಕಾಡುಗಳಲ್ಲಿರುವ ಕಡವೆ, ಚುಕ್ಕೆ ಜಿಂಕೆಗಳೂ ಅದೇ ಕುಟುಂಬದವು. ನಮ್ಮ ಜಿಂಕೆಗಳಲ್ಲಿ ಕಡವೆಯೇ ದೊಡ್ಡದು. ಚೆನ್ನಾಗಿ ಬೆಳೆದ ಗಂಡು ಕಡವೆ 250ರಿಂದ 300 ಕಿಲೋ ತೂಗಬಹುದು. ಅಲಾಸ್ಕಾದ ಗಂಡು ಮೂಸ್ 600 ಕಿಲೋ ದಾಟುತ್ತದೆ. ಅದರ ಭುಜದ ಎತ್ತರವೇ ಸುಮಾರು ಎರಡು ಮೀಟರ್. ಅಂದರೆ ನಿಮ್ಮ ತರಗತಿಯ ಬಾಗಿಲಿನಷ್ಟು. ತಲೆ, ಕೊಂಬು ಅದರ ಮೇಲೆ ಬೇರೆ!

ಮೂಸ್ ಇರುವುದು ಭೂಮಿಯ ಉತ್ತರ ಭಾಗದಲ್ಲಿ. ಕೆನಡಾ, ಅಮೆರಿಕದ ಉತ್ತರದ ರಾಜ್ಯಗಳು, ನಾರ್ವೆ, ಸ್ವೀಡನ್, ಫಿನ್ಲೆಂಡ್, ರಷ್ಯಾ ಇವೆಲ್ಲವನ್ನೂ ಭೂಪಟದಲ್ಲಿ ಗುರುತಿಸಿ. ಭೂಮಿಯ ತಲೆಗೆ ಸುತ್ತಿದ ಹಸಿರು ಪೇಟದಂತೆ ಅಲ್ಲೆಲ್ಲ ಒಂದೇ ಬಗೆಯ ಕಾಡು ಹಬ್ಬಿದೆ. ಅದಕ್ಕೆ ಟೈಗಾ ಎನ್ನುತ್ತಾರೆ. ಅಲ್ಲಿ ವರ್ಷದಲ್ಲಿ ಐದಾರು ತಿಂಗಳು ನೆಲದ ಮೇಲೆ ಹಿಮ. ಚಳಿ ಸೊನ್ನೆಗಿಂತ 30, 40 ಡಿಗ್ರಿ ಕೆಳಗೆ ಇಳಿಯುವುದೂ ಉಂಟು. ಹಿಮ ಕರಗಿದ ಮೇಲೆ ಎಲ್ಲಿ ನೋಡಿದರೂ ಕೆರೆ, ಜೌಗು, ಕೆಸರು. ಇಂಥ ಜಾಗದಲ್ಲಿ ಬದುಕಬೇಕಾದರೆ ಮೈ ಹೇಗಿರಬೇಕು? ಒಂದೊಂದೇ ಅಂಗವನ್ನು ನೋಡೋಣ.

(ಯುರೋಪಿನವರು ಇದೇ ಪ್ರಾಣಿಯನ್ನು ಎಲ್ಕ್ ಎನ್ನುತ್ತಾರೆ. ಅಮೆರಿಕದವರು ಎಲ್ಕ್ ಎಂದರೆ ಅದು ಬೇರೆಯೇ ಜಿಂಕೆ. ಪುಸ್ತಕಗಳಲ್ಲಿ ಈ ಗೊಂದಲ ಕಂಡರೆ ಗಾಬರಿಯಾಗಬೇಡಿ.)

ದೊಡ್ಡ ಮೈ ಏಕೆ?

ಮೊದಲು ಗಾತ್ರದಿಂದಲೇ ಆರಂಭಿಸೋಣ. ಲೂಡೋ ಆಟದ ಎಂಟು ದಾಳಗಳನ್ನು ತೆಗೆದುಕೊಳ್ಳಿ. ಅಷ್ಟು ಸಿಗದಿದ್ದರೆ ಒದ್ದೆ ಜೇಡಿಮಣ್ಣಿನಲ್ಲಿ ಒಂದೇ ಅಳತೆಯ ಎಂಟು ಚೌಕ ತುಂಡುಗಳನ್ನು ಮಾಡಿಕೊಳ್ಳಿ. ಒಂದು ದಾಳಕ್ಕೆ ಆರು ಮುಖ. ಎಂಟು ದಾಳ ಬಿಡಿಬಿಡಿಯಾಗಿದ್ದರೆ ಒಟ್ಟು 48 ಮುಖಗಳಿಗೆ ಗಾಳಿ ತಗಲುತ್ತದೆ. ಈಗ ಎಂಟನ್ನೂ ಒತ್ತಾಗಿ ಜೋಡಿಸಿ ಒಂದೇ ದೊಡ್ಡ ದಾಳ ಮಾಡಿ. ಹೊರಗೆ ಕಾಣುವ ಮುಖಗಳನ್ನು ಎಣಿಸಿ. 24 ಮಾತ್ರ! ವಸ್ತು ಅಷ್ಟೇ ಇದೆ, ಆದರೆ ಗಾಳಿಗೆ ತೆರೆದುಕೊಂಡ ಮೇಲ್ಮೈ ಅರ್ಧದಷ್ಟಾಯಿತು.

ಶಾಖ ಹೊರಹೋಗುವುದು ಮೇಲ್ಮೈಯಿಂದ. ಬಿಸಿಯೂಟದ ಅನ್ನವನ್ನೇ ಗಮನಿಸಿ. ನಿಮ್ಮ ತಟ್ಟೆಗೆ ಬಿದ್ದ ಅನ್ನ ಐದು ನಿಮಿಷದಲ್ಲಿ ಆರಿಹೋಗುತ್ತದೆ. ದೊಡ್ಡ ಪಾತ್ರೆಯಲ್ಲಿ ಉಳಿದ ಅನ್ನ ಕೊನೆಯ ಸಾಲಿನವರಿಗೆ ಬಡಿಸುವಾಗಲೂ ಹಬೆಯಾಡುತ್ತಿರುತ್ತದೆ. ಮೂಸ್ ಆ ದೊಡ್ಡ ಪಾತ್ರೆಯ ಹಾಗೆ. ಮೈ ದೊಡ್ಡದಾದ್ದರಿಂದ ಒಳಗಿನ ಶಾಖ ಬೇಗ ಸೋರಿಹೋಗುವುದಿಲ್ಲ. ಬಾಲವೂ ಗೇಣುದ್ದ ಕೂಡ ಇಲ್ಲ, ಚಳಿಗೆ ತೆರೆದುಕೊಳ್ಳುವುದು ಅಷ್ಟು ಕಡಿಮೆ.

ಆ ಪಾತ್ರೆಯ ಮೇಲೆ ಕಂಬಳಿಯನ್ನೂ ಹೊದಿಸಿದರೆ ಹೇಗಿರುತ್ತದೆ? ಮೂಸ್‌ನ ತುಪ್ಪಟ ಹಾಗಿದೆ. ಅದರಲ್ಲಿ ಎರಡು ಪದರ. ಒಳಗೆ ಚರ್ಮಕ್ಕೆ ಅಂಟಿದಂತೆ ಮೃದುವಾದ ದಟ್ಟ ಉಣ್ಣೆ. ಅದರ ಮೇಲೆ ಉದ್ದನೆಯ ಒರಟು ಕೂದಲು. ಭುಜದ ಮೇಲಿನ ಗುಬ್ಬಿನಲ್ಲಿ ಈ ಕೂದಲು 15 ಸೆಂಟಿಮೀಟರ್‌ಗೂ ಹೆಚ್ಚು ಉದ್ದ ಇರುತ್ತದೆ. ನಿಮ್ಮ ಅಳತೆಪಟ್ಟಿ ತೆಗೆದು ನೋಡಿ, ಅದಕ್ಕಿಂತ ಉದ್ದ! ಈ ಕೂದಲಿನ ಒಳಗೆ ಗಾಳಿ ತುಂಬಿದ ಪುಟ್ಟ ಪುಟ್ಟ ಕೋಣೆಗಳಿವೆ. ಗಾಳಿ ಶಾಖವನ್ನು ಸುಲಭವಾಗಿ ದಾಟಿಸುವುದಿಲ್ಲ ಎಂದು ವಿಜ್ಞಾನ ಪಾಠದಲ್ಲಿ ಓದಿದ್ದೀರಿ. ಒಂದು ದಪ್ಪ ಹೊದಿಕೆಗಿಂತ ಎರಡು ತೆಳು ಹೊದಿಕೆ ಹೆಚ್ಚು ಬೆಚ್ಚಗೆ ಎಂದು ಅಜ್ಜಿ ಹೇಳುವುದೂ ಇದಕ್ಕೇ. ನಡುವೆ ಸಿಕ್ಕಿಬಿದ್ದ ಗಾಳಿ ಅಲ್ಲಿ ಕೆಲಸ ಮಾಡುತ್ತದೆ. ಗಾಳಿ ತುಂಬಿದ ಕೂದಲಿನಿಂದ ಇನ್ನೊಂದು ಲಾಭವಿದೆ. ನೀರಿಗಿಳಿದಾಗ ತೇಲಲು ಅದು ನೆರವಾಗುತ್ತದೆ. ಮೂಸ್ ಒಳ್ಳೆಯ ಈಜುಗಾರ. ಕೆರೆಯ ಒಂದು ದಡದಿಂದ ಇನ್ನೊಂದು ದಡಕ್ಕೆ ಕಿಲೋಮೀಟರುಗಟ್ಟಲೆ ಈಜುತ್ತದೆ.

ಇಷ್ಟೆಲ್ಲ ಹೊದ್ದುಕೊಂಡ ಪ್ರಾಣಿಗೆ ಸೆಕೆ ಬೇಗ ಆಗದೆ ಇರುತ್ತದೆಯೇ? ಈ ಪ್ರಶ್ನೆಯನ್ನು ಮನಸ್ಸಿನಲ್ಲಿ ಇಟ್ಟುಕೊಂಡಿರಿ. ಮತ್ತೆ ಅಲ್ಲಿಗೇ ಬರುತ್ತೇವೆ.

ಮರಗಾಲಿನಂಥ ಕಾಲು

ಮೂಸ್‌ನ ಚಿತ್ರ ಮೊದಲ ಸಲ ನೋಡಿದವರಿಗೆ ನಗು ಬರುತ್ತದೆ. ಕುದುರೆಯ ಮೈಗೆ ಒಂಟೆಯ ಮೂತಿ ಅಂಟಿಸಿ, ಮರಗಾಲು ಕಟ್ಟಿ ನಿಲ್ಲಿಸಿದಂತೆ ಕಾಣುತ್ತದೆ. ಆ ಕಾಲಿನ ಬೆಲೆ ಗೊತ್ತಾಗುವುದು ಹಿಮದಲ್ಲಿ. ಅರ್ಧ ಮೀಟರ್ ಹಿಮ ಬಿದ್ದರೆ ಅದೇ ಕಾಡಿನ ಬಿಳಿಬಾಲದ ಜಿಂಕೆಗೆ ಹೆಚ್ಚು ಕಡಿಮೆ ಎದೆಯವರೆಗೆ ಬಂತು. ಅದು ಹಿಮವನ್ನು ಸೀಳಿಕೊಂಡು ನೆಗೆಯಬೇಕು. ನಾಲ್ಕು ಹೆಜ್ಜೆಗೇ ಸುಸ್ತು. ಮೂಸ್‌ನ ಹೊಟ್ಟೆ ಹಿಮಕ್ಕಿಂತ ಎಷ್ಟೋ ಮೇಲಿರುತ್ತದೆ. ಅದು ಕಾಲನ್ನು ನೇರವಾಗಿ ಮೇಲಕ್ಕೆ ಎತ್ತಿ, ಮುಂದಿಟ್ಟು, ನೇರವಾಗಿ ಇಳಿಸುತ್ತದೆ. ನೀವು ನಾಟಿ ಗದ್ದೆಯ ಕೆಸರಿನಲ್ಲಿ ನಡೆಯುವುದೂ ಹೀಗೇ ಅಲ್ಲವೇ? ಕಾಲೆಳೆದುಕೊಂಡು ನಡೆದರೆ ಬಿದ್ದಿರಿ!

ಮುಳುಗದೆ ಇರಲು ಗೊರಸೂ ಸಹಾಯ ಮಾಡುತ್ತದೆ. ಒಂದು ಸ್ಲೇಟು ತನ್ನಿ. ಒದ್ದೆ ಮರಳಿನ ಮೇಲೆ ಅದನ್ನು ಅಂಚಿನ ಮೇಲೆ ನಿಲ್ಲಿಸಿ ಮೆಲ್ಲಗೆ ಒತ್ತಿ. ಸರಕ್ಕನೆ ಇಳಿಯುತ್ತದೆ. ಈಗ ಅದೇ ಸ್ಲೇಟನ್ನು ಮಲಗಿಸಿ ಅಷ್ಟೇ ಬಲದಿಂದ ಒತ್ತಿ. ಇಳಿಯುವುದೇ ಇಲ್ಲ. ಬಲ ಅಷ್ಟೇ ಇದ್ದರೂ ಅದು ಹೆಚ್ಚು ಜಾಗಕ್ಕೆ ಹಂಚಿಹೋದಾಗ ಒತ್ತಡ ಕಡಿಮೆಯಾಗುತ್ತದೆ. ಮೂಸ್‌ನ ಗೊರಸು ದನದ ಗೊರಸಿನ ಹಾಗೆ ಸೀಳಿದೆ. ಕೆಸರಿನಲ್ಲಿ ಕಾಲಿಟ್ಟಾಗ ಎರಡು ಭಾಗಗಳೂ ಅಗಲವಾಗಿ ಹರಡಿಕೊಳ್ಳುತ್ತವೆ. ಹಿಂದೆ, ಸ್ವಲ್ಪ ಮೇಲೆ, ಇನ್ನೆರಡು ಪುಟ್ಟ ಗೊರಸುಗಳಿವೆ. ಗಟ್ಟಿ ನೆಲದಲ್ಲಿ ಅವು ನೆಲ ಮುಟ್ಟುವುದಿಲ್ಲ. ಕಾಲು ಕೆಸರಿನಲ್ಲಿ ಇಳಿದರೆ ಅವೂ ಊರಿಕೊಂಡು ಭಾರ ಹೊರುತ್ತವೆ.

ಈ ಕಾಲು ಆಯುಧವೂ ಹೌದು. ತೋಳಗಳು ಸುತ್ತುವರಿದಾಗ ಬಲವಾದ ಮೂಸ್ ಓಡುವುದಿಲ್ಲ, ನಿಂತು ಒದೆಯುತ್ತದೆ. ಮರಿಯಿರುವ ತಾಯಿಯಂತೂ ಮುಂಗಾಲುಗಳನ್ನು ಎತ್ತಿ ಬಡಿಯುತ್ತದೆ. ಮನುಷ್ಯರೂ ಹತ್ತಿರ ಹೋಗುವಂತಿಲ್ಲ.

ಆದರೆ ಉದ್ದ ಕಾಲಿಗೆ ತಕ್ಕಷ್ಟು ಉದ್ದ ಕುತ್ತಿಗೆ ಮೂಸ್‌ಗೆ ಇಲ್ಲ. ನೆಲದ ಹುಲ್ಲು ಮೇಯಬೇಕೆಂದರೆ ಅದು ಮುಂಗಾಲು ಮಡಚಿ ಮೊಣಕಾಲೂರಬೇಕು. ಹಾಗಾಗಿ ಹುಲ್ಲಿನ ಗೋಜಿಗೆ ಅದು ಹೆಚ್ಚು ಹೋಗುವುದಿಲ್ಲ. ಅದರ ಊಟ ಎತ್ತರದಲ್ಲಿದೆ.

ಸೊಪ್ಪು, ಕಡ್ಡಿ, ತೊಗಟೆ

ಮೂಸ್ ಎಂಬ ಹೆಸರು ಬಂದದ್ದು ಉತ್ತರ ಅಮೆರಿಕದ ಮೂಲನಿವಾಸಿಗಳ ಭಾಷೆಯಿಂದ. ಅದರ ಅರ್ಥ 'ಸುಲಿದು ತಿನ್ನುವವನು' ಎಂದು. ಎಷ್ಟು ಸರಿಯಾದ ಹೆಸರು ನೋಡಿ! ಅದರ ಮೇಲ್ತುಟಿ ಉದ್ದವಾಗಿದೆ, ಬೇಕಾದಂತೆ ಹೊರಳುತ್ತದೆ. ಆನೆ ಸೊಂಡಿಲಿನಿಂದ ಹಿಡಿಯುವಂತೆ ಮೂಸ್ ತುಟಿಯಿಂದ ಟೊಂಗೆ ಹಿಡಿದು ಎಳೆದರೆ ಎಲೆಗಳೆಲ್ಲ ಬಾಯಲ್ಲಿ, ಬರಿಯ ಕಡ್ಡಿ ಹೊರಗೆ. ದನಗಳಂತೆ ಇದಕ್ಕೂ ಮೇಲಿನ ದವಡೆಯಲ್ಲಿ ಮುಂದಿನ ಹಲ್ಲುಗಳಿಲ್ಲ. (ಮನೆಯಲ್ಲಿ ಹಸು ಇದ್ದರೆ ಅದು ಆಕಳಿಸುವಾಗ ನೋಡಿ. ಕೈ ಹಾಕಬೇಡಿ!) ಹೊಟ್ಟೆಯಲ್ಲಿ ನಾಲ್ಕು ಕೋಣೆ, ತಿಂದದ್ದನ್ನು ಮತ್ತೆ ಬಾಯಿಗೆ ತಂದು ಮೆಲುಕು ಹಾಕುತ್ತದೆ.

ಬೇಸಿಗೆಯಲ್ಲಿ ಎಲೆಗಳಿಗೆ ಬರವಿಲ್ಲ. ದಿನಕ್ಕೆ 20 ಕಿಲೋಗೂ ಹೆಚ್ಚು ಸೊಪ್ಪು ತಿಂದು ಕೊಬ್ಬು ಕೂಡಿಸಿಕೊಳ್ಳುತ್ತದೆ. ಚಳಿಗಾಲ ಬಂತೆಂದರೆ ವಿಲ್ಲೊ, ಬರ್ಚ್ ಮರಗಳ ಒಣ ಕಡ್ಡಿಗಳು, ಫರ್ ಮರದ ಸೂಜಿಯಂಥ ಎಲೆಗಳು, ತೊಗಟೆ. ಅದರಲ್ಲಿ ಸತ್ತ್ವ ಬಹಳ ಕಡಿಮೆ. ಆದ್ದರಿಂದ ಮೂಸ್ ಓಡಾಟ ಕಡಿಮೆ ಮಾಡುತ್ತದೆ, ಹಿಮದ ಮೇಲೆ ಮಲಗಿ ಮೆಲುಕು ಹಾಕುತ್ತ ಕಾಲ ಕಳೆಯುತ್ತದೆ. ಬೇಸಿಗೆಯಲ್ಲಿ ಕೂಡಿಟ್ಟ ಕೊಬ್ಬು ಕರಗುತ್ತ ಹೋಗುತ್ತದೆ. ವಸಂತದ ಹೊತ್ತಿಗೆ ಅದು ತೂಕ ಕಳೆದುಕೊಂಡು ಸೊರಗಿರುತ್ತದೆ. ಈ ಲೆಕ್ಕಾಚಾರ ಪ್ರತಿ ವರ್ಷ ನಡೆಯುವಂಥದ್ದೇ. ಕೂಡಿಟ್ಟದ್ದು ಹಿಮ ಕರಗುವವರೆಗೆ ಸಾಲುತ್ತದೆ, ಬೇರೆ ಯಾರೂ ಕದಿಯದಿದ್ದರೆ.

ಉಪ್ಪಿಗಾಗಿ ನೀರಿಗೆ

ಕಡ್ಡಿ, ತೊಗಟೆಯಲ್ಲಿ ಇನ್ನೊಂದು ಕೊರತೆ ಇದೆ. ಅದೇ ಸೋಡಿಯಂ. ನಾವು ಅಡುಗೆಗೆ ಹಾಕುವ ಉಪ್ಪಿನಲ್ಲಿ ಇರುವ ಲವಣಾಂಶ ಅದು. ನರಗಳು, ಸ್ನಾಯುಗಳು ಕೆಲಸ ಮಾಡಲು ಅದು ಬೇಕೇ ಬೇಕು. ಸಮುದ್ರದಿಂದ ದೂರದ ಆ ಕಾಡುಗಳ ಮರಗಿಡಗಳಲ್ಲಿ ಸೋಡಿಯಂ ತೀರಾ ಕಡಿಮೆ. ಹಾಗಾದರೆ ಎಲ್ಲಿದೆ? ಕೆರೆಯ ನೀರೊಳಗೆ ಬೆಳೆಯುವ ಸಸ್ಯಗಳಲ್ಲಿ. ನೆಲದ ಗಿಡಗಳಿಗಿಂತ ಅವುಗಳಲ್ಲಿ ಅದು ಎಷ್ಟೋ ಪಟ್ಟು ಹೆಚ್ಚು. ಅಮೆರಿಕದ ಸುಪೀರಿಯರ್ ಸರೋವರದ ನಡುವೆ ಐಲ್ ರಾಯಲ್ ಎಂಬ ದ್ವೀಪವಿದೆ. ಅಲ್ಲಿನ ಮೂಸ್ ಮತ್ತು ತೋಳಗಳನ್ನು ವಿಜ್ಞಾನಿಗಳು 1958ರಿಂದ ಗಮನಿಸುತ್ತ ಬಂದಿದ್ದಾರೆ. ಮೂಸ್‌ಗಳು ಬೇಸಿಗೆಯ ಕೆಲವೇ ವಾರಗಳಲ್ಲಿ ನೀರಿನ ಸಸ್ಯ ತಿಂದು ವರ್ಷಕ್ಕೆ ಬೇಕಾಗುವ ಸೋಡಿಯಂನ ಬಹುಭಾಗವನ್ನು ಪಡೆಯುತ್ತವೆ ಎಂಬ ಲೆಕ್ಕ ಸಿಕ್ಕಿದ್ದು ಆ ದ್ವೀಪದಲ್ಲೇ.

ನೀರೊಳಗಿನ ಗಿಡ ತಿನ್ನಬೇಕಾದರೆ ತಲೆ ಮುಳುಗಿಸಬೇಕು. ಮೂಗಿಗೆ ನೀರು ಹೋದರೆ? ನೀವು ಹೊಳೆಗೆ ಹಾರುವಾಗ ಮೂಗನ್ನು ಬೆರಳಿನಿಂದ ಹಿಡಿಯುತ್ತೀರಿ. ಮೂಸ್ ಏನು ಮಾಡುತ್ತದೆ? 2004ರಲ್ಲಿ ಅಮೆರಿಕದ ಒಹಾಯೊ ವಿಶ್ವವಿದ್ಯಾಲಯದ ಕ್ಲಿಫರ್ಡ್ ಮತ್ತು ವಿಟ್ಮರ್ ಎಂಬ ವಿಜ್ಞಾನಿಗಳು ಸತ್ತ ಮೂಸ್‌ಗಳ ಮೂಗನ್ನು ಬಿಡಿಸಿ ನೋಡಿದರು. ಮೂಗಿನ ಹೊಳ್ಳೆಗಳಲ್ಲಿ ಕೊಬ್ಬಿನ ಮೆತ್ತೆಯಂಥ ಭಾಗವೂ ಸ್ನಾಯುಗಳೂ ಇದ್ದವು. ತಲೆ ನೀರಿನಲ್ಲಿ ಮುಳುಗಿದಾಗ ಹೊಳ್ಳೆ ಮುಚ್ಚಿಕೊಳ್ಳಲು ಇವು ನೆರವಾಗುತ್ತವೆ. ಬೇಕೆಂದರೆ ಮೂಸ್ ಇಡೀ ಮೈ ಮುಳುಗುವಂತೆ ಕೆರೆಯ ತಳಕ್ಕೆ ಇಳಿದು ಗಿಡ ಕಿತ್ತು ತರುವುದೂ ಉಂಟು.

ಆ ಮೂಗಿನ ಹೊಳ್ಳೆಗಳು ಒಂದಕ್ಕೊಂದು ಬಹಳ ದೂರದಲ್ಲಿವೆ. ವಾಸನೆ ಯಾವ ಕಡೆಯಿಂದ ಬಂತು ಎಂದು ತಿಳಿಯಲು ಇದು ಅನುಕೂಲವಾಗಬಹುದು ಎಂದು ಅದೇ ವಿಜ್ಞಾನಿಗಳು ಹೇಳಿದ್ದಾರೆ. ನಮ್ಮ ಎರಡು ಕಿವಿಗಳು ಸದ್ದಿನ ದಿಕ್ಕು ಹಿಡಿಯುವ ಹಾಗೆ.

ಉಪ್ಪಿನ ಆಸೆ ಚಳಿಗಾಲದಲ್ಲೂ ಹೋಗುವುದಿಲ್ಲ. ಆ ದೇಶಗಳಲ್ಲಿ ರಸ್ತೆಯ ಮೇಲೆ ಗಡ್ಡೆಕಟ್ಟುವ ಹಿಮವನ್ನು ಕರಗಿಸಲು ಉಪ್ಪು ಚೆಲ್ಲುತ್ತಾರೆ. ಆ ಉಪ್ಪು ಕಾರುಗಳಿಗೂ ಸಿಡಿದು ಅಂಟಿಕೊಳ್ಳುತ್ತದೆ. ಮೂಸ್‌ಗಳು ಬಂದು ನಿಂತ ಕಾರುಗಳನ್ನು ನೆಕ್ಕತೊಡಗುತ್ತವೆ! 2020ರಲ್ಲಿ ಕೆನಡಾದ ಜ್ಯಾಸ್ಪರ್ ರಾಷ್ಟ್ರೀಯ ಉದ್ಯಾನದಲ್ಲಿ 'ಮೂಸ್‌ಗೆ ನಿಮ್ಮ ಕಾರು ನೆಕ್ಕಲು ಬಿಡಬೇಡಿ' ಎಂಬ ಫಲಕವನ್ನೇ ಹಾಕಬೇಕಾಯಿತು. ಓದಿದವರು ನಕ್ಕರು. ಆದರೆ ರಸ್ತೆಗೆ ಬರುವುದನ್ನು ರೂಢಿ ಮಾಡಿಕೊಂಡ ಮೂಸ್ ವಾಹನಕ್ಕೆ ಸಿಕ್ಕಿ ಸಾಯುತ್ತದೆ. ಕಾಲು ಉದ್ದವಾದ್ದರಿಂದ ಅದರ ಭಾರವಾದ ಮೈ ನೇರ ಕಾರಿನ ಗಾಜಿನ ಮೇಲೇ ಬೀಳುತ್ತದೆ, ಒಳಗಿದ್ದವರೂ ಉಳಿಯುವುದು ಕಷ್ಟ.

ಕೊಂಬಿನ ವಿಷಯ

ಕೊಂಬು ಇರುವುದು ಗಂಡಿಗೆ ಮಾತ್ರ. ಅಂಗೈ ಚಾಚಿದಂತೆ ಅಗಲವಾಗಿ, ಅಂಚಿನಲ್ಲಿ ಬೆರಳುಗಳಂಥ ಮೊನೆಗಳಿರುತ್ತವೆ. ದೊಡ್ಡ ಗಂಡಿನಲ್ಲಿ ಈ ತುದಿಯಿಂದ ಆ ತುದಿಗೆ ಒಂದೂವರೆ ಮೀಟರ್‌ಗೂ ಹೆಚ್ಚು. ದನದ ಕೊಂಬಿನಂತೆ ಇದು ಜೀವನವಿಡೀ ಇರುವಂಥದ್ದಲ್ಲ. ಚಳಿಗಾಲದಲ್ಲಿ ಉದುರಿ ಬೀಳುತ್ತದೆ, ವಸಂತದಲ್ಲಿ ಹೊಸದು ಮೊಳೆಯುತ್ತದೆ. ನಾಲ್ಕೈದು ತಿಂಗಳಲ್ಲಿ ಅಷ್ಟು ದೊಡ್ಡ ಮೂಳೆ ಬೆಳೆಯಬೇಕು! ಅದಕ್ಕೆ ಬೇಕಾದ ಕ್ಯಾಲ್ಸಿಯಂನ ಒಂದಷ್ಟು ಭಾಗವನ್ನು ಅದು ತನ್ನ ಪಕ್ಕೆಲುಬುಗಳಿಂದಲೇ ಎರವಲು ಪಡೆಯುತ್ತದೆ. ಶರತ್ಕಾಲದಲ್ಲಿ ಗಂಡುಗಳು ಒಂದಕ್ಕೊಂದು ಬಲ ತೋರಿಸಲು ಇದು ಬೇಕು. ಆಮೇಲೆ ಈ ಭಾರ ಹೊತ್ತು ಹಿಮದಲ್ಲಿ ತಿರುಗಿ ಪ್ರಯೋಜನವಿಲ್ಲ.

ಕೊಂಬಿಗೆ ಇನ್ನೊಂದು ಉಪಯೋಗವೂ ಇದ್ದೀತು. 2008ರಲ್ಲಿ ಬುಬೆನಿಕ್ ಎಂಬ ಹೆಸರಿನ ಇಬ್ಬರು ವಿಜ್ಞಾನಿಗಳು ಮೂಸ್ ಕೊಂಬಿಗೆ ಕೃತಕ ಕಿವಿ ಜೋಡಿಸಿ ಪ್ರಯೋಗ ಮಾಡಿದರು. ಕೊಂಬಿನ ಕಡೆಗೆ ಕಿವಿ ತಿರುಗಿಸಿದಾಗ ಸದ್ದು ಸುಮಾರು 19 ಶೇಕಡಾ ಹೆಚ್ಚಾಗಿ ಕೇಳಿಸಿತು. ಕಿವಿ ಕೇಳದ ತಾತ ಅಂಗೈಯನ್ನು ಕಿವಿಯ ಹಿಂದೆ ಇಡುತ್ತಾರಲ್ಲ, ಹಾಗೆ.

ನಮ್ಮ ಕಡವೆ, ಚುಕ್ಕೆ ಜಿಂಕೆಗಳೂ ಕೊಂಬು ಉದುರಿಸುತ್ತವೆ. ಕಾಡಂಚಿನ ಊರಿನವರಿಗೆ ಬಿದ್ದ ಕೊಂಬು ಕಂಡರೆ ಮನೆಗೆ ತರಬೇಡಿ. ಅದಕ್ಕೆ ಕಾನೂನಿನ ಒಪ್ಪಿಗೆ ಇಲ್ಲ. ಅರಣ್ಯ ಇಲಾಖೆಯವರಿಗೆ ತಿಳಿಸಿ.

ಕೋಟು ಬಿಚ್ಚಲಾಗದವನ ಕಷ್ಟ

ಈಗ ನಮ್ಮ ಪ್ರಶ್ನೆಗೆ ಬರೋಣ. ದೊಡ್ಡ ಮೈ, ಗಾಳಿ ತುಂಬಿದ ಕೂದಲು, ಒಳಗೆ ಉಣ್ಣೆ. ಶಾಖ ಹಿಡಿದಿಡಲು ಇವೆಲ್ಲ ಸರಿ. ಶಾಖ ಬಿಡಬೇಕಾದಾಗ? ನಾವು ಬೆವರುತ್ತೇವೆ. ಬೆವರು ಆರುವಾಗ ಮೈ ತಂಪಾಗುತ್ತದೆ. ಮೂಸ್‌ಗೆ ಬೆವರಿನಿಂದ ಆಗುವ ಸಹಾಯ ಇಲ್ಲವೆಂದೇ ಹೇಳಬೇಕು. ಬೇಸಿಗೆಯಲ್ಲಿ ಉದ್ದ ಕೂದಲು ಉದುರಿ ತುಪ್ಪಟ ತೆಳುವಾಗುತ್ತದೆ, ಅಷ್ಟೇ.

ಕೆನಡಾದ ರೆನೆಕರ್ ಮತ್ತು ಹಡ್ಸನ್ ಎಂಬ ವಿಜ್ಞಾನಿಗಳು ಮೂಸ್‌ಗಳ ಉಸಿರಾಟ ಮತ್ತು ಹೃದಯ ಬಡಿತವನ್ನು ಅಳೆದು 1986ರಲ್ಲಿ ಫಲಿತಾಂಶ ಪ್ರಕಟಿಸಿದರು. ಬೇಸಿಗೆಯ ತುಪ್ಪಟದಲ್ಲಿ 14 ಡಿಗ್ರಿ ದಾಟಿದರೆ ಉಸಿರು ಜೋರಾಗುತ್ತದೆ. ಚಳಿಗಾಲದ ದಪ್ಪ ತುಪ್ಪಟದಲ್ಲಿ ಎಷ್ಟಕ್ಕೆ ಗೊತ್ತೇ? ಸೊನ್ನೆಗಿಂತ 5 ಡಿಗ್ರಿ ಕೆಳಗಿರುವಾಗಲೇ! ನೀರು ಹೆಪ್ಪುಗಟ್ಟುವ ಚಳಿಯಲ್ಲೂ ಅದಕ್ಕೆ ಸೆಕೆ. ಗಾಳಿ ಬೀಸುತ್ತಿದ್ದರೆ, ನೆರಳಿದ್ದರೆ ಈ ಅಂಕಿ ಸ್ವಲ್ಪ ಆಚೀಚೆ ಆಗುತ್ತದೆ. ಸೆಕೆಯಾದ ಮೂಸ್ ಮೇಯುವುದನ್ನು ಬಿಟ್ಟು ನೆರಳು ಹುಡುಕುತ್ತದೆ, ಒದ್ದೆ ನೆಲದ ಮೇಲೆ ಮಲಗುತ್ತದೆ. ಬೇಸಿಗೆ ಎಂದರೆ ಕೊಬ್ಬು ಕೂಡಿಸುವ ಕಾಲ ಎಂದೆವಲ್ಲ, ಆಗ ಮೇಯುವ ಹೊತ್ತು ಕಡಿಮೆಯಾದರೆ ಚಳಿಗಾಲದ ಲೆಕ್ಕ ತಪ್ಪುತ್ತದೆ.

ಭೂಮಿ ಬಿಸಿಯಾಗುತ್ತಿದೆ ಎಂದು ನೀವು ಕೇಳಿದ್ದೀರಿ. ಮೂಸ್‌ನ ಮೇಲೆ ಅದರ ಪರಿಣಾಮ ಬರಿಯ ಸೆಕೆಯಿಂದ ಮುಗಿಯುವುದಿಲ್ಲ. ಅಲ್ಲೊಂದು ಸಣ್ಣ ಹುಳುವಿನ ಪಾತ್ರವಿದೆ.

ದನಗಳ ಕಿವಿಯಲ್ಲಿ, ಕೆಚ್ಚಲಿನ ಸಂದಿಯಲ್ಲಿ ಕಚ್ಚಿಕೊಂಡಿರುವ ಉಣುಗನ್ನು ನೋಡಿದ್ದೀರಿ. ಕೆಲವು ಕಡೆ ಉಣ್ಣಿ ಎನ್ನುತ್ತಾರೆ. ಉತ್ತರ ಅಮೆರಿಕದಲ್ಲಿ ಚಳಿಗಾಲದ ಉಣುಗು ಎಂಬ ಜಾತಿಯಿದೆ. ಶರತ್ಕಾಲದಲ್ಲಿ ಅದರ ಮರಿಗಳು ಗಿಡಗಳ ತುದಿಗೆ ಹತ್ತಿ, ಕಾಲುಗಳಿಂದ ಒಂದಕ್ಕೊಂದು ಸಿಕ್ಕಿಸಿಕೊಂಡು ಗೊಂಚಲಾಗಿ ಕಾಯುತ್ತವೆ. ಮೂಸ್ ಉಜ್ಜಿಕೊಂಡು ಹೋದರೆ ಇಡೀ ಗೊಂಚಲು ಅದರ ಮೈಮೇಲೆ! ಮೊದಲ ಹಿಮ ಬೀಳುವವರೆಗೆ ಮಾತ್ರ ಈ ಕಾಯುವಿಕೆ. ಹಿಮ ಬೇಗ ಬಿದ್ದರೆ ಗಿಡದ ಮೇಲಿದ್ದವು ಸಾಯುತ್ತವೆ. ಹತ್ತಿಕೊಂಡವು ಇಡೀ ಚಳಿಗಾಲ ಅದೇ ಮೂಸ್‌ನ ಬೆಚ್ಚನೆಯ ತುಪ್ಪಟದಲ್ಲಿ ಉಳಿದು, ಮಾರ್ಚ್ ಏಪ್ರಿಲ್‌ನಲ್ಲಿ ಹೊಟ್ಟೆತುಂಬ ರಕ್ತ ಕುಡಿದು ನೆಲಕ್ಕೆ ಉದುರುತ್ತವೆ. ಉದುರಿದ್ದು ಹಿಮದ ಮೇಲಾದರೆ ಸಾಯುತ್ತವೆ. ಬರಿ ನೆಲದ ಮೇಲಾದರೆ ಸಾವಿರಾರು ಮೊಟ್ಟೆ ಇಡುತ್ತವೆ.

ಲೆಕ್ಕ ಹಾಕಿ ನೋಡಿ. ಹಿಮ ತಡವಾಗಿ ಬಿದ್ದರೆ ಉಣುಗಿಗೆ ಲಾಭ. ಹಿಮ ಬೇಗ ಕರಗಿದರೂ ಉಣುಗಿಗೇ ಲಾಭ. ಚಳಿಗಾಲ ಎರಡೂ ತುದಿಯಿಂದ ಗಿಡ್ಡವಾಗುತ್ತಿರುವ ಕಡೆ ಒಂದೊಂದು ಮೂಸ್‌ನ ಮೈಮೇಲೆ ಹತ್ತಾರು ಸಾವಿರ ಉಣುಗುಗಳು ಸಿಕ್ಕಿವೆ. ಬಿಳಿಬಾಲದ ಜಿಂಕೆ ಆಗಾಗ ಮೈ ನೆಕ್ಕಿ ಉಣುಗುಗಳನ್ನು ತೆಗೆದುಹಾಕುತ್ತದೆ. ಮೂಸ್‌ಗೆ ಆ ರೂಢಿ ಅಷ್ಟಿಲ್ಲ. ಉಣುಗು ದೊಡ್ಡದಾಗಿ ಕಚ್ಚತೊಡಗಿದ ಮೇಲೆ ತುರಿಕೆ ತಾಳಲಾರದೆ ಮರಕ್ಕೆ ಮೈ ಉಜ್ಜುತ್ತದೆ. ಆಗ ಕೂದಲು ಮುರಿದು, ಬುಡದ ಬಿಳಿಚು ಭಾಗ ಮಾತ್ರ ಉಳಿಯುತ್ತದೆ. ಇಂಥ ಮೂಸ್‌ಗೆ ಅಲ್ಲಿನ ಜನ 'ದೆವ್ವ ಮೂಸ್' ಎನ್ನುತ್ತಾರೆ. ಚಳಿ ಇನ್ನೂ ಇರುವಾಗಲೇ ಕೋಟು ಹರಿದುಹೋಯಿತು!

ದೊಡ್ಡ ಮೂಸ್ ಹೇಗೋ ತಡೆದುಕೊಳ್ಳುತ್ತದೆ. ಮರಿಗಳಿಗೆ ಕಷ್ಟ. ಮೇ ತಿಂಗಳಲ್ಲಿ ಹುಟ್ಟುವಾಗ ಅದು 15 ಕಿಲೋ ಆಸುಪಾಸು. ಚುಕ್ಕೆ ಜಿಂಕೆಯ ಮರಿಯಂತೆ ಮೈಮೇಲೆ ಚುಕ್ಕೆಗಳಿಲ್ಲ, ಕೆಂಪು ಮಿಶ್ರಿತ ಕಂದು ಬಣ್ಣ. ದಿನಕ್ಕೆ ಒಂದು ಕಿಲೋಗೂ ಹೆಚ್ಚು ಬೆಳೆಯುತ್ತದೆ. ಆದರೂ ಮೊದಲ ಚಳಿಗಾಲಕ್ಕೆ ಅದರ ಬಳಿ ಕೂಡಿಟ್ಟ ಕೊಬ್ಬು ಕಡಿಮೆ. ಆ ಪುಟ್ಟ ಮೈಯಲ್ಲಿರುವ ಒಟ್ಟು ರಕ್ತದಷ್ಟನ್ನು ಉಣುಗುಗಳು ಕೆಲವೇ ವಾರಗಳಲ್ಲಿ ಹೀರಬಲ್ಲವು. ಅಮೆರಿಕದ ಮೇಯ್ನ್ ರಾಜ್ಯದಲ್ಲಿ ವಿಜ್ಞಾನಿಗಳು ಮರಿಗಳ ಕುತ್ತಿಗೆಗೆ ರೇಡಿಯೋ ಪಟ್ಟಿ ಕಟ್ಟಿ ಗಮನಿಸುತ್ತಾರೆ. 2022ರ ಚಳಿಗಾಲದಲ್ಲಿ ಹೀಗೆ ಪಟ್ಟಿ ಕಟ್ಟಿದ 70 ಮರಿಗಳಲ್ಲಿ 60 ಸತ್ತವು. ಮಿನೆಸೋಟ ರಾಜ್ಯದ ಈಶಾನ್ಯ ಭಾಗದಲ್ಲಿ 2006ರಲ್ಲಿ ಸುಮಾರು 8,800 ಮೂಸ್‌ಗಳಿದ್ದವು. 2013ರ ಎಣಿಕೆಯಲ್ಲಿ 3,000ಕ್ಕಿಂತ ಕಡಿಮೆ. ಅಲ್ಲಿ ಉಣುಗಿನ ಜೊತೆಗೆ ಜಿಂಕೆಗಳಿಂದ ಹರಡುವ ಮಿದುಳಿನ ಹುಳು, ತೋಳ, ಸೆಕೆ ಎಲ್ಲವೂ ಸೇರಿಕೊಂಡಿದ್ದವು.

ಹಾಗೆಂದು ಎಲ್ಲ ಕಡೆಯೂ ಮೂಸ್ ಮಾಯವಾಗುತ್ತಿದೆ ಎಂದುಕೊಳ್ಳಬೇಡಿ. ಸ್ವೀಡನ್‌ನಲ್ಲಿ ಲಕ್ಷಗಟ್ಟಲೆ ಇವೆ. ಅಲಾಸ್ಕಾದ ಉತ್ತರ ತುದಿಯಲ್ಲಂತೂ ಕಥೆ ತಿರುವುಮುರುವು. ಹಿಂದೆ ಅಲ್ಲಿನ ಪೊದೆಗಳು ಸುಮಾರು ಒಂದು ಮೀಟರ್ ಎತ್ತರ ಇದ್ದವು. ಚಳಿಗಾಲದಲ್ಲಿ ಹಿಮದೊಳಗೆ ಹೂತುಹೋಗುತ್ತಿದ್ದವು. ಮೂಸ್‌ಗೆ ತಿನ್ನಲು ಏನೂ ಕಾಣುತ್ತಿರಲಿಲ್ಲ. ಬೇಸಿಗೆ ಬೆಚ್ಚಗಾದಂತೆ ನದಿದಂಡೆಯ ಪೊದೆಗಳು ಎರಡು ಮೀಟರ್‌ವರೆಗೆ ಬೆಳೆದು ಹಿಮದ ಮೇಲೆ ತಲೆ ಎತ್ತಿದವು. ಅವುಗಳ ಹಿಂದೆಯೇ ಮೂಸ್‌ಗಳೂ ಬಂದವು. ಅಲಾಸ್ಕಾ ವಿಶ್ವವಿದ್ಯಾಲಯದ ವಿಜ್ಞಾನಿಗಳು ಇದನ್ನು 2016ರಲ್ಲಿ ವಿವರಿಸಿದರು. ಅಂದರೆ ಅದೇ ಬಿಸಿ ದಕ್ಷಿಣದ ಅಂಚಿನ ಮೂಸ್‌ಗೆ ಕಂಟಕ, ಉತ್ತರದ ಅಂಚಿನ ಮೂಸ್‌ಗೆ ಹೊಸ ಮೇವು. ಅದರ ಮೈ ಬದಲಾಗಿಲ್ಲ. ಕಾಲು, ಕೂದಲು, ಮೂಗು ಎಲ್ಲ ಮೊದಲಿನಂತೆಯೇ ಇವೆ.

ಮಾಡಿ ನೋಡಿ

ರೆನೆಕರ್ ಮತ್ತು ಹಡ್ಸನ್ ಮಾಡಿದ ಕೆಲಸದ ಒಂದು ಭಾಗವನ್ನು ನೀವೂ ಮಾಡಬಹುದು. ನಿಮ್ಮ ಮನೆಯ ಅಥವಾ ನೆರೆಮನೆಯ ಎಮ್ಮೆ, ಹಸು ಒಂದನ್ನು ಆರಿಸಿಕೊಳ್ಳಿ. ದೊಡ್ಡವರಿಗೆ ಹೇಳಿ, ಸ್ವಲ್ಪ ದೂರದಲ್ಲಿ ಪಕ್ಕಕ್ಕೆ ನಿಲ್ಲಿ. ಉಸಿರಾಡುವಾಗ ಅದರ ಹೊಟ್ಟೆಯ ಪಕ್ಕೆ ಉಬ್ಬಿ ಇಳಿಯುತ್ತದೆ. ಒಮ್ಮೆ ಉಬ್ಬಿ ಇಳಿದರೆ ಒಂದು ಉಸಿರು. ಗಡಿಯಾರ ನೋಡಿಕೊಂಡು ಒಂದು ನಿಮಿಷಕ್ಕೆ ಎಷ್ಟು ಎಂದು ಎಣಿಸಿ. ಬೆಳಿಗ್ಗೆ ಏಳಕ್ಕೆ, ಮಧ್ಯಾಹ್ನ ಎರಡಕ್ಕೆ, ಸಂಜೆ ಆರಕ್ಕೆ ಹೀಗೆ ಒಂದು ವಾರ ಬರೆದಿಡಿ. ಉಷ್ಣತಾಮಾಪಕ ಸಿಕ್ಕರೆ ಪಕ್ಕದಲ್ಲಿ ಉಷ್ಣತೆಯನ್ನೂ ಬರೆಯಿರಿ. ದನ ಆಗ ತಾನೇ ನಡೆದು ಬಂದಿದ್ದರೆ ಹತ್ತು ನಿಮಿಷ ಕಾದು ಎಣಿಸಿ.

ಎಮ್ಮೆಗೂ ಬೆವರಿನ ಗ್ರಂಥಿಗಳು ಕಡಿಮೆ, ಮೈ ಕಪ್ಪು. ಅದು ಯಾವ ಹೊತ್ತಿಗೆ ಕೆರೆಗೆ ಇಳಿಯುತ್ತದೆ, ಎಷ್ಟು ಹೊತ್ತು ಅಲ್ಲಿರುತ್ತದೆ, ಹೊರಗೆ ಬಂದ ಮೇಲೆ ಉಸಿರಿನ ಎಣಿಕೆ ಎಷ್ಟಾಯಿತು, ಇವನ್ನೂ ಪಟ್ಟಿಯಲ್ಲಿ ಸೇರಿಸಿ. ನಿಮ್ಮ ಊರಿನ ಎಮ್ಮೆಗೆ ಸೆಕೆ ಶುರುವಾಗುವುದು ಎಷ್ಟು ಡಿಗ್ರಿಗೆ? ಪಟ್ಟಿ ನೋಡಿ ನೀವೇ ಹೇಳಿ.